ತಡೆಗೋಡೆ ಕಟ್ಟುವ ಮೊದಲು ಒಮ್ಮೆ ದಡದಲ್ಲಿ ನಡೆದು ನೋಡಿ

ಮಾನ್ಯ ಶಾಸಕರೇ, ನಮಸ್ಕಾರ.

ತುಂಗಭದ್ರೆಯ ದಡಕ್ಕೆ ತಡೆಗೋಡೆ ಬರುತ್ತಿದೆ ಅಂತ ಗೊತ್ತಾಯಿತು. ಬರಲಿ. ಮಳೆಗಾಲದಲ್ಲಿ ಹೊಲ ಕೊಚ್ಚಿಹೋದವರ ಕಷ್ಟ ನಾನೂ ನೋಡಿದ್ದೇನೆ. ನನ್ನ ತಕರಾರು ಅದಕ್ಕೂ ಮೊದಲು ಆದ ಸರ್ವೆ ಬಗ್ಗೆ. ಮಟಮಟ ಮಧ್ಯಾಹ್ನ ಜೀಪಿನಲ್ಲಿ ಬಂದರು, ಸೇತುವೆ ಮೇಲೆ ನಿಂತು ನಾಲ್ಕು ಫೋಟೊ ತೆಗೆದರು, 'ವನ್ಯಜೀವಿ ಕಂಡುಬಂದಿಲ್ಲ' ಅಂತ ಬರೆದುಕೊಂಡು ಹೋದರು. ಆ ಬಿಸಿಲಲ್ಲಿ ನೀರುನಾಯಿ ಯಾಕೆ ಹೊರಗೆ ಬರುತ್ತದೆ ಹೇಳಿ?

ಅದು ಇದೆಯೋ ಇಲ್ಲವೋ ತಿಳಿಯಲು ಅದನ್ನೇ ಕಣ್ಣಾರೆ ಕಾಣಬೇಕಾಗಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಬೆಳಗಿನ ಹೊತ್ತು ದಡದುದ್ದಕ್ಕೂ ನಡೆದರೆ ಸಾಕು. ಗುಂಪಿನವೆಲ್ಲ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತವೆ, ಹೆಚ್ಚಾಗಿ ನೀರಿನಂಚಿನ ಬಂಡೆ ಮೇಲೆ. ಅದರಲ್ಲಿ ಮೀನಿನ ಹುರುಪೆ, ಮುಳ್ಳು, ಏಡಿ ಚಿಪ್ಪಿನ ಚೂರು. ಒಣಗಿ ಬೆಳ್ಳಗಾಗಿದ್ದರೆ ಹಳೆಯದು, ಕಪ್ಪಗೆ ಜಿಗುಟಾಗಿ ಮೂಗು ಮುಚ್ಚಿಕೊಳ್ಳುವ ಹಾಗಿದ್ದರೆ ಈಗಷ್ಟೇ ಹೋಗಿವೆ ಅಂತ ಲೆಕ್ಕ. ಪಕ್ಕದ ಒದ್ದೆ ಮರಳಿನಲ್ಲಿ ಐದು ಬೆರಳಿನ ಹೆಜ್ಜೆಯೂ ಇರುತ್ತದೆ. ಮೀನು ಹಿಡಿಯುವವರನ್ನು ಕೇಳಿದರೆ ಬಿಲ ಎಲ್ಲಿದೆ ಅಂತಲೂ ತೋರಿಸುತ್ತಾರೆ (ಬಲೆ ಹರಿಯುತ್ತವೆ ಅಂತ ಬೈದುಕೊಂಡೇ). ಇವರನ್ನು ಸರ್ವೆಯವರು ಒಂದು ಮಾತೂ ಕೇಳಲಿಲ್ಲ.

ಇದೇ ನದಿಯಲ್ಲಿ 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿ.ಮೀ. ನೀರುನಾಯಿ ಮೀಸಲು ಪ್ರದೇಶ ಆಯಿತು, ದೇಶದಲ್ಲೇ ಮೊದಲನೆಯದು. ನಮ್ಮ ಕೆಲಸ ಅದರ ಹೊರಗಿದೆ ಅಂತ ಗುತ್ತಿಗೆದಾರರು ಹೇಳುತ್ತಿದ್ದಾರೆ. ಇರಬಹುದು, ಆದರೆ 1972ರ ವನ್ಯಜೀವಿ ಕಾಯ್ದೆ ಕಂಪ್ಲಿಗೆ ಬಂದು ನಿಂತುಬಿಡುವುದಿಲ್ಲ ಅಲ್ವಾ?

ಮಳೆಗಾಲ ಮುಗಿದ ಮೇಲೆ, ಚಳಿಗಾಲದಲ್ಲಿ ಅವು ಮರಿ ಹಾಕುತ್ತವೆ. ಕೆಲಸ ಶುರು ಮಾಡಲು ನಮ್ಮವರಿಗೂ ಅದೇ ಸಮಯ ಬೇಕು! ಆ ತಿಂಗಳುಗಳಲ್ಲಿ ಬಿಲ ಇರುವ ಕಡೆ ದಯವಿಟ್ಟು ಜೆಸಿಬಿ ಇಳಿಸಬೇಡಿ. ಅಷ್ಟು ದೂರ ಕಾಂಕ್ರೀಟ್ ಬಿಟ್ಟು ಬರೀ ಕಲ್ಲು ಪೇರಿಸಿ, ಸಂದಿಗೆ ಸಿಮೆಂಟ್ ತುಂಬದೆ. ಕ್ಲೀನ್ ಮಾಡುತ್ತೇವೆ ಅಂತ ಸುಮ್ನೆ ಜೊಂಡು ಕೀಳುವುದೂ ನಿಲ್ಲಲಿ, ಅವು ಅಡಗುವುದು ಅಲ್ಲೇ.

ಮೊದಲು ಸರ್ವೆ ಮತ್ತೆ ಆಗಲಿ. ಒಂದು ದಿನ ಬೆಳಗ್ಗೆ ಆರಕ್ಕೆ ನೀವೇ ಬನ್ನಿ, ಇಂಜಿನಿಯರನ್ನೂ ಕರೆತನ್ನಿ. ಬಂಡೆ ನಾನು ತೋರಿಸುತ್ತೇನೆ. ಶೂ ಬೇಡ, ಚಪ್ಪಲಿ ಹಾಕಿಕೊಂಡು ಬನ್ನಿ, ಕೆಸರು ಜಾಸ್ತಿ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ