ಆ ರಾತ್ರಿ ನೀರಿನ ಟ್ರೇಗಳ ಮುಂದೆ ಕುಳಿತವರಿಗೆ

ಪುಟ್ಟಣ್ಣ ಕಣಗಾಲ್ ಅವರ ಚಿತ್ರಬದುಕನ್ನು ಕುರಿತು ನಮ್ಮ ವಸ್ತುಸಂಗ್ರಹಾಲಯದಲ್ಲಿ ಏರ್ಪಡಿಸಿದ್ದ ಪ್ರದರ್ಶನ ಕಳೆದ ಭಾನುವಾರ ಸಂಜೆ ಮುಗಿಯಿತು. ಆರು ವಾರ ಬಂದು ನೋಡಿದವರಿಗೆ, ಒಂದು ವರ್ಷಕ್ಕೂ ಮಿಕ್ಕಿ ಇದಕ್ಕಾಗಿ ದುಡಿದವರಿಗೆ, ಜೋಪಾನವಾಗಿ ಇಟ್ಟುಕೊಂಡಿದ್ದನ್ನು ಬೀರುವಿನಿಂದ ತೆಗೆದು ನಮ್ಮ ಕೈಗಿತ್ತವರಿಗೆ ನಾನು ಋಣಿ. ಹಣ ಹೊಂದಿಸಿದ ಕಥೆ, ಎರಡು ಸಲ ಮುಂದಕ್ಕೆ ಹೋದ ದಿನಾಂಕ, ನಡುವೆ ನಮ್ಮ ಮನೆಯಲ್ಲಿ ಆದದ್ದು, ಇವೆಲ್ಲ ಹತ್ತಿರದವರಿಗೆ ಗೊತ್ತಿರುವ ಸಂಗತಿಗಳಾದ್ದರಿಂದ ಇಲ್ಲಿ ಮತ್ತೆ ಬರೆಯುವುದಿಲ್ಲ.

ಪ್ರದರ್ಶನವನ್ನು ಹೇಗೆ ಜೋಡಿಸಬೇಕೆಂದು ತಿಳಿಯದೆ ಕುಳಿತಿದ್ದಾಗ ದಾರಿ ತೋರಿದ್ದು ಪುಟ್ಟಣ್ಣನವರಿಗೆ ಕನ್ನಡ ಕಾದಂಬರಿಯ ಮೇಲಿದ್ದ ಪ್ರೀತಿ. ಕನ್ನಡದಲ್ಲಿ ಅವರು ನಿರ್ದೇಶಿಸಿದ ಮೊದಲ ಚಿತ್ರ, 1967ರ ‘ಬೆಳ್ಳಿಮೋಡ’, ತ್ರಿವೇಣಿಯವರ ಕಾದಂಬರಿಯಿಂದ ಬಂದದ್ದು, ‘ಶರಪಂಜರ’ವೂ ಅವರದೇ. ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರದು, ‘ಎಡಕಲ್ಲು ಗುಡ್ಡದ ಮೇಲೆ’ ಭಾರತೀಸುತರದು. ಹೀಗಾಗಿ ಒಂದೊಂದು ಗಾಜಿನ ಪೆಟ್ಟಿಗೆಯಲ್ಲಿ ಕಾದಂಬರಿಯನ್ನೂ ಅದರ ಮಗ್ಗುಲಲ್ಲಿ ಚಿತ್ರದ ಹಾಡಿನ ಪುಸ್ತಕವನ್ನೂ ಇಟ್ಟೆವು. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳು 1972ರ ಒಂದೇ ಚಿತ್ರದಲ್ಲಿ ಒಂದಾದದ್ದನ್ನು ತೋರಿಸಿದ ಪೆಟ್ಟಿಗೆಯ ಮುಂದೆ ಜನ ಬಹಳ ಹೊತ್ತು ನಿಲ್ಲುತ್ತಿದ್ದರು. ರಾಮಾಚಾರಿಯನ್ನೂ ಚಾಮಯ್ಯ ಮೇಷ್ಟ್ರನ್ನೂ ಮನೆಮಂದಿಯಂತೆ ಬಲ್ಲ ಎಷ್ಟೋ ಮಂದಿ ಆ ಮೂರು ಪುಸ್ತಕಗಳನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಕೊನೆಯ ಕೋಣೆಯಲ್ಲಿ ಹೆಚ್ಚೇನೂ ಇಡಲಿಲ್ಲ. 1985ರ ಜೂನ್ 5ರಂದು ತೀರಿಕೊಂಡಾಗ ಪುಟ್ಟಣ್ಣನವರಿಗೆ 51 ವರ್ಷ. ಕೈಯಲ್ಲಿದ್ದ ‘ಮಸಣದ ಹೂವು’ ಚಿತ್ರವನ್ನು ಕೆ.ಎಸ್.ಎಲ್. ಸ್ವಾಮಿಯವರು ಪೂರ್ಣಗೊಳಿಸಿದರು. ಆ ಕೋಣೆ ಖಾಲಿಯಾಗಿಯೇ ಇರಲಿ ಎಂದು ಹಟ ಹಿಡಿದವಳು ನಾನು, ಅದು ಸರಿಯಾಗಿತ್ತೆಂದು ಈಗಲೂ ನಂಬಿದ್ದೇನೆ.

ಫಲಕಗಳ ಬರಹವನ್ನು ನಾಲ್ಕು ನಾಲ್ಕು ಸಲ ತಿದ್ದಿದ ಗೆಳತಿಯರು, ದೀಪಗಳ ಬೆಳಕನ್ನು ಹಳೆಯ ಕಾಗದ ತಾಳುವ 50 ಲಕ್ಸ್‌ಗೆ ಇಳಿಸಿಕೊಟ್ಟ ಎಲೆಕ್ಟ್ರಿಷಿಯನ್, ಮಕ್ಕಳ ಗುಂಪುಗಳಿಗೆ ಬೇಸರವಿಲ್ಲದೆ ಕಥೆ ಹೇಳಿದ ಸ್ವಯಂಸೇವಕರು, ಕಾವಲಿನವರು, ಕಸ ಗುಡಿಸಿದವರು, ಎಲ್ಲರಿಗೂ ಕೈಮುಗಿಯುತ್ತೇನೆ.

ಇನ್ನೊಬ್ಬರ ವಿಷಯವನ್ನು ಮಾತ್ರ ಒಂದು ಸಾಲಿನಲ್ಲಿ ಮುಗಿಸಲಾರೆ. ಹೆಸರು ಹಾಕಬೇಡ ಎಂದು ಅವರು ಹೇಳಿರುವುದರಿಂದ ಹಾಕುತ್ತಿಲ್ಲ.

ಉದ್ಘಾಟನೆಗೆ ಇನ್ನೆರಡು ದಿನವಿದ್ದಾಗ ಸುರಿದ ಮಳೆಗೆ ದಾಸ್ತಾನು ಕೋಣೆಯ ಸೂರು ಸೋರಿತು. ನಾನು ತಲುಪುವಾಗ ರಾತ್ರಿ ಹತ್ತೂವರೆ. ‘ಗೆಜ್ಜೆಪೂಜೆ’ಯ ಹದಿನಾಲ್ಕು ಕಪ್ಪುಬಿಳುಪು ಸ್ಟಿಲ್‌ಗಳಿದ್ದ ಪೆಟ್ಟಿಗೆ ನೀರಿನಲ್ಲಿ ನಿಂತಿತ್ತು. ಒಂದೇ ಮನೆಯವರು, ತಮ್ಮ ತಂದೆ ಕೂಡಿಟ್ಟಿದ್ದೆಂದು ಹೇಳಿ, ರಸೀದಿಯನ್ನೂ ಕೇಳದೆ ಕೊಟ್ಟ ಚಿತ್ರಗಳು ಅವು. ಹದಿನಾಲ್ಕೂ ಒಂದಕ್ಕೊಂದು ಅಂಟಿ ಒದ್ದೆ ರಟ್ಟಿನ ಹಾಗೆ ಆಗಿದ್ದವು. ನಾನು ಉಗುರಿನಿಂದ ಒಂದು ಮೂಲೆಯನ್ನು ಎಬ್ಬಿಸಿದೆ. ಕಲ್ಪನಾ ಅವರ ಸೀರೆಯ ಅಂಚು ಕಾಗದವನ್ನು ಬಿಟ್ಟು ಮೇಲಿನ ಚಿತ್ರದ ಬೆನ್ನಿಗೆ ಹತ್ತಿಕೊಂಡು ಬಂದಿತು. ಕೈ ಅಲ್ಲಿಗೇ ನಿಂತಿತು. ಹಿಂದೆ ಫೋಟೋ ಸ್ಟುಡಿಯೋ ನಡೆಸುತ್ತಿದ್ದ, ಬದುಕಿನ ಬಹುಪಾಲನ್ನು ಡಾರ್ಕ್ ರೂಮಿನಲ್ಲೇ ಕಳೆದ ಈ ಹಿರಿಯರಿಗೆ ಫೋನ್ ಮಾಡಿದೆ. ಮೂರು ಟ್ರೇಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಆಟೋದಲ್ಲಿ ಬಂದವರು ಮೊದಲು ಹೇಳಿದ್ದು, “ಕೈ ತೆಗಿಯಮ್ಮ. ಇವನ್ನು ನೀರಿಗೆ ಹಾಕಬೇಕು.”

ನೀರಿನಿಂದಲೇ ಕೆಟ್ಟದ್ದನ್ನು ಮತ್ತೆ ನೀರಿಗೆ ಹಾಕುವುದೇ ಎಂದು ನಾನು ಕಿರುಚಿದೆ. ಇನ್ನು ಏನು ಮಾಡಿಯೂ ಉಪಯೋಗವಿಲ್ಲ, ನೀವು ಮನೆಗೆ ಹೋಗಿ ಎಂದೂ ಅಂದೆ. ತಂದೆಯ ವಯಸ್ಸಿನವರಿಗೆ ಹಾಗೆ ಅಂದದ್ದನ್ನು ಎಲ್ಲರೂ ಓದುವ ಈ ಜಾಗದಲ್ಲೇ ಒಪ್ಪಿಕೊಳ್ಳುತ್ತೇನೆ. ಅವರು ಉತ್ತರ ಕೊಡಲಿಲ್ಲ. ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು, ತೋಳು ಮಡಚಿ, ಟ್ರೇಗಳಿಗೆ ತಣ್ಣೀರು ತುಂಬಿದರು. ಕೆಲಸ ಮಾಡುತ್ತಲೇ ವಿವರಿಸಿದರು: ಚಿತ್ರವನ್ನು ಹೊತ್ತಿರುವ ಜೆಲಾಟಿನ್ ಪದರ ನೆನೆದಾಗ ಉಬ್ಬುತ್ತದೆ, ಒತ್ತಿಕೊಂಡೇ ಒಣಗಿದರೆ ಗೋಂದಾಗುತ್ತದೆ, ಆಮೇಲೆ ಯಾರಿಂದಲೂ ಬಿಡಿಸಲಾಗದು, ಆದ್ದರಿಂದ ಒಣಗುವ ಮೊದಲು ತಣ್ಣೀರಿನಲ್ಲಿ ತೇಲಬಿಟ್ಟು, ಅದು ತಾನಾಗಿ ಬಿಡುವವರೆಗೆ ಕಾಯಬೇಕು.

ಕಾದೆವು. ಗಂಟೆಗೊಮ್ಮೆ ನೀರು ಬದಲಾಯಿಸಿದೆವು. ಎರಡೂವರೆಯ ಸುಮಾರಿಗೆ ಮೇಲಿನ ಚಿತ್ರ ಯಾರೂ ಎಳೆಯದೆ ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಯಿತು. ಅದನ್ನು ನೋಡಿ ನಾನು ಅಳತೊಡಗಿದೆ, ಎಷ್ಟೋ ಹೊತ್ತು ಅತ್ತೆ. ಆ ಅಳುವಿನಲ್ಲಿ ಸ್ಟಿಲ್‌ಗಳ ಪಾಲು ಸ್ವಲ್ಪವೇ ಇತ್ತು. ಆ ವರ್ಷ ನಾನು ಹಿಡಿದುಕೊಳ್ಳಲು ಹೋದದ್ದೆಲ್ಲ ಕೈಯಲ್ಲೇ ಹರಿದುಹೋಗಿತ್ತು, ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಬ್ಲಾಟಿಂಗ್ ಪೇಪರ್ ಹಾಸಮ್ಮ, ಮುಖ ಮೇಲೆ ಬರಬೇಕು,” ಎಂದರು. ಹಾಸಿದೆ. ಒಂದೊಂದನ್ನೇ ಎರಡು ಅಂಗೈಗಳ ಮೇಲೆ ಎತ್ತಿ, ನೀರು ಇಳಿಯುವವರೆಗೆ ಹಿಡಿದು, ಕೂಸನ್ನು ಮಲಗಿಸಿದಂತೆ ಅವರು ಅದರ ಮೇಲೆ ಮಲಗಿಸುತ್ತಾ ಹೋದರು. ಹದಿನಾಲ್ಕನೆಯದು ಹೊರಬಂದಾಗ ಬೆಳಗಾಗಿತ್ತು. ಹದಿಮೂರು ಕಲೆಯಿಲ್ಲದೆ ಉಳಿದವು. ಕಲೆ ಉಳಿದದ್ದು ಒಂದರಲ್ಲಿ, ನನ್ನ ಉಗುರು ತಾಗಿದ್ದರಲ್ಲಿ.

ಅಂದೇ ಬೆಳಿಗ್ಗೆ ಆ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅಲ್ಲಿನ ಅಕ್ಕ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಇದನ್ನೂ ಉಳಿದವುಗಳ ಜೊತೆಯಲ್ಲೇ ಹಾಕಿ ಎಂದರು. ಹಾಕಿದೆವು. ಸೀರೆಯ ಅಂಚಿಲ್ಲದ ಆ ಚಿತ್ರ ಆರು ವಾರವೂ ಸಾಲಿನ ನಡುವೆಯೇ ಇತ್ತು. ಆ ಅಕ್ಕನ ದೊಡ್ಡತನಕ್ಕೆ ತಕ್ಕ ಮಾತು ನನಗೆ ಸಿಕ್ಕಿಲ್ಲ.

ಉದ್ಘಾಟನೆಯ ದಿನ ಹಿರಿಯರು ಬರಲಿಲ್ಲ. ಮರುವಾರ ಒಂದು ಮಧ್ಯಾಹ್ನ ಬಂದವರು, ಆ ಹದಿನಾಲ್ಕರ ಮುಂದೆ ಒಂದೊಂದಾಗಿ ನಿಂತು, ಕನ್ನಡಕ ತೆಗೆದು ಹತ್ತಿರದಿಂದ ನೋಡಿ, “ಚೆನ್ನಾಗಿ ಒಣಗಿವೆ,” ಎಂದಷ್ಟೇ ಹೇಳಿ ಹೋದರು.

ಎರವಲು ತಂದದ್ದೆಲ್ಲ ಈಗ ಅವರವರ ಮನೆ ಸೇರಿದೆ. ಉಳಿದಿರುವುದು ಆ ಮೂರು ಟ್ರೇಗಳು. ತೊಳೆದು, ಅದೇ ಟವೆಲಿನಲ್ಲಿ ಸುತ್ತಿ ಮೇಜಿನ ಮೇಲಿಟ್ಟಿದ್ದೇನೆ; ನಾಳೆ ನಾನೇ ಹೋಗಿ ಅವರ ಕೈಗೆ ಕೊಟ್ಟು ಬರುತ್ತೇನೆ.