ಭಾನುವಾರ ಸೇರುವ ಮೊದಲು ಇದನ್ನು ಓದಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಸೇರೋಣ. ವಿಷಯ ಎರಡು: ಮೊಬೈಲ್ ಸಿಗ್ನಲ್‌ನ ಏರಿಳಿತ ಮತ್ತು ಮನೆತನಗಳಲ್ಲಿ ಕಾಣುವ ಸೀಳುತುಟಿ. ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಎರಡರಲ್ಲೂ ಸಣ್ಣ ಸಣ್ಣ ಕಾರಣಗಳು ಕೂಡಿಕೊಳ್ಳುತ್ತವೆ.

ಟವರಿನ ಅಲೆ ಗೋಡೆ, ಬಸ್ಸು, ಮರಕ್ಕೆ ತಗುಲಿ ಹತ್ತಾರು ದಾರಿಯಲ್ಲಿ ಫೋನಿಗೆ ಬರುತ್ತದೆ. ಕೆಲವು ಕೂಡಿಕೊಳ್ಳುತ್ತವೆ, ಕೆಲವು ಒಂದನ್ನೊಂದು ಅಳಿಸಿಹಾಕುತ್ತವೆ. 900 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 33 ಸೆಂ.ಮೀ. ಹಾಗಾಗಿ ಒಂದು ಗೇಣು ಕೂಡ ಸರಿಯಬೇಕಿಲ್ಲ, ಸಿಗ್ನಲ್ ಬಿದ್ದುಹೋಗಬಹುದು. ನೇರ ದಾರಿ ಇಲ್ಲದ ಕಡೆ ಈ ಏರಿಳಿತಕ್ಕೆ ರೇಲೀ ಹಂಚಿಕೆ (ಸಿಗ್ನಲ್ ಯಾವ ಬಲದಲ್ಲಿ ಎಷ್ಟು ಸಲ ಸಿಗಬಹುದು ಎಂದು ಹೇಳುವ ಗಣಿತದ ಸೂತ್ರ) ಚೆನ್ನಾಗಿ ಹೊಂದುತ್ತದೆ. ಇಂಗ್ಲೆಂಡಿನ ಭೌತವಿಜ್ಞಾನಿ ರೇಲೀ 1880ರಲ್ಲಿ ಅದನ್ನು ಬರೆದಾಗ ಮೊಬೈಲ್ ಎಲ್ಲಿತ್ತು!

ಸೀಳುತುಟಿಯ ಬಗ್ಗೆ ಜಾಸ್ತಿ ಹೊತ್ತು ಮಾತಾಡೋಣ. 1942ರಲ್ಲಿ ಡೆನ್ಮಾರ್ಕ್‌ನ ವೈದ್ಯ ಪೌಲ್ ಫೋಗ್-ಆಂಡರ್ಸನ್ ನೂರಾರು ಕುಟುಂಬಗಳನ್ನು ನೋಡಿ, ಸೀಳುತುಟಿಯೇ ಬೇರೆ, ಬರೀ ಅಂಗುಳ (ಬಾಯಿಯೊಳಗಿನ ಮೇಲ್ಭಾಗ) ಸೀಳಿರುವುದೇ ಬೇರೆ ಎಂದು ತೋರಿಸಿದರು. ತಂದೆತಾಯಿಗೆ ಇಲ್ಲದೆ ಒಂದು ಮಗುವಿಗೆ ಸೀಳುತುಟಿ ಇದ್ದರೆ, ಮುಂದಿನ ಮಗುವಿಗೆ ಬರುವ ಸಂಭವ ನೂರಕ್ಕೆ ಸುಮಾರು 4. ಒಂದೇ ಜೀನ್ ಕಾರಣವಾಗಿದ್ದರೆ ಈ ಸಂಖ್ಯೆ 25 ಅಥವಾ 50ರ ಹತ್ತಿರ ಇರುತ್ತಿತ್ತು. ಹಲವು ಜೀನ್‌ಗಳು, ಸುತ್ತಲಿನ ಕಾರಣಗಳು ಸೇರಿ ಒಂದು ಗಡಿ ದಾಟಿದಾಗಲೇ ತುಟಿ ಸೀಳುತ್ತದೆ.

ನಮ್ಮಲ್ಲಿ ಇನ್ನೂ ಗ್ರಹಣದ ದಿನ ಹೊರಗೆ ಬಂದಳು ಎಂದು ತಾಯಿಯನ್ನೇ ದೂರುತ್ತಾರೆ. ಅದು ಖಂಡಿತ ತಪ್ಪು. ದಯವಿಟ್ಟು ಮನೆಯಲ್ಲೂ ಹೇಳಿ.

ದಾಳ ಇದ್ದವರು ತನ್ನಿ. ಒಂದೊಂದು ದಾಳ ಒಂದೊಂದು ಸಣ್ಣ ಕಾರಣ, 45 ಆ ಗಡಿ ಎಂದುಕೊಂಡು ಹತ್ತು ದಾಳ ಎಸೆದು, ಮೊತ್ತ 45 ದಾಟುವುದು ಎಷ್ಟು ಸಲ ಎಂದು ಎಣಿಸೋಣ.