ಪ್ರದೀಪನಿಗೆ, ಓವರ್‌ಕೋಟಿನ ವಿಷಯವಾಗಿ

ಚಿರಂಜೀವಿ ಪ್ರದೀಪನಿಗೆ ಮಾವನ ಆಶೀರ್ವಾದಗಳು.

ಮನೆ ಸಮಾಚಾರವೆಲ್ಲ ಅಕ್ಕ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ನಾನು ಮತ್ತೆ ಬರೆಯೋದಿಲ್ಲ. ನಿನ್ನ ಕೆಲಸ, ಹೊಸ ರೂಮು, ಅಡುಗೆ ಕಲಿತದ್ದು ಎಲ್ಲ ಓದಿ ಖುಷಿಯಾಯಿತು. ಆದರೆ ಕಾಗದದ ಕೊನೆಗೆ ಬರೆದಿದ್ದೀಯಲ್ಲ, ಆ ಎರಡು ಸಾಲು ಮನಸ್ಸಿನಿಂದ ಹೋಗ್ತಾನೇ ಇಲ್ಲ. ಜನವರಿಯಲ್ಲಿ ಜೊತೆ ಕೆಲಸದವನ ಮದುವೆ, ಎಡಿನ್‌ಬರೋದ ಚರ್ಚಿನಲ್ಲಿ. ಡಬಲ್ ಬ್ರೆಸ್ಟ್, ಅಂದರೆ ಮುಂದೆ ಎರಡು ಸಾಲು ಗುಂಡಿ ಇರೋ ಓವರ್‌ಕೋಟು ನೋಡಿ ಬಂದಿದ್ದೀಯ, ಇಷ್ಟವೂ ಆಗಿದೆ. ಆದರೂ "ಕನ್ನಡಿಯಲ್ಲಿ ನೋಡಿಕೊಂಡ್ರೆ ಯಾರದೋ ಬಟ್ಟೆ ಹಾಕ್ಕೊಂಡ ಹಾಗೆ ಕಾಣ್ತೀನಿ ಮಾವ, ಅಲ್ಲಿ ಎಲ್ಲರೂ ನನ್ನನ್ನೇ ನೋಡ್ತಾರೇನೋ" ಅಂತ ಬರೆದೆ. ಯಾವ ಕೋಟು ತಗೊಳ್ಳಲಿ ಅಂತ ನೀನು ಕೇಳಿದ್ದಕ್ಕೆ ಉತ್ತರ ಸುಲಭ. ಈ ಮಾತಿಗೆ ಏನು ಹೇಳಲಿ ಅಂತಲೇ ಕಾಗದ ತಡವಾಯಿತು.

ನಾನು ದಾವಣಗೆರೆಯ ಗಿರಣಿ ಬಿಟ್ಟು ಲೀಡ್ಸಿಗೆ ಓದೋಕೆ ಹೋದದ್ದು ನಿಂಗೆ ಗೊತ್ತು. ಕೋಟಿನ ಕಥೆ ಮಾತ್ರ ಮನೆಯಲ್ಲಿ ಯಾರಿಗೂ ಹೇಳಿಲ್ಲ. 1974ರ ಜನವರಿ ಅದು. ಕಲ್ಲಿದ್ದಲಿನ ತಾಪತ್ರಯ. ಕರೆಂಟು ಉಳಿಸೋಕೆ ಇಡೀ ಬ್ರಿಟನ್ನಿನಲ್ಲಿ ಕಾರ್ಖಾನೆಗಳನ್ನ ವಾರಕ್ಕೆ ಮೂರೇ ದಿನ ನಡೆಸಬೇಕು ಅಂತ ಸರ್ಕಾರ ಹೇಳಿಬಿಟ್ಟಿತ್ತು. ಎಲ್ಲಿ ಹೋದರೂ ಕೊರೆಯುವ ಚಳಿ. ಕರ್ಕ್‌ಗೇಟ್ ಮಾರ್ಕೆಟ್ಟಿನಲ್ಲಿ ಹಳೆ ಬಟ್ಟೆ ಮಾರುವವನ ಹತ್ತಿರ ನೇವಿ ಬಣ್ಣದ ಓವರ್‌ಕೋಟು ಸಿಕ್ಕಿತು. ಡಬಲ್ ಬ್ರೆಸ್ಟು, ಆರು ಗುಂಡಿ, ಮೊಣಕಾಲಿನ ಕೆಳಗಿನವರೆಗೆ. ಬಲಗಡೆ ಜೇಬಿನ ಬಾಯಿ ಸವೆದು ಲೈನಿಂಗ್ ಕಾಣ್ತಿತ್ತು. ಕೊಂಡೆ. ರೂಮಿಗೆ ತಂದು ಬಾಗಿಲು ಹಾಕಿಕೊಂಡು ಹಾಕಿ ನೋಡಿದೆ. ನಿಂಗೆ ಅನ್ನಿಸಿದ್ದೇ ನಂಗೂ ಅನ್ನಿಸಿತು, ಕೇಳು. ಇದು ಬಿಳಿಯ ಸಾಹೇಬರ ಕೋಟು, ಒಳಗೆ ಇರೋನು ಮಾತ್ರ ನಾನು ಅಂತ.

ಸಂಜೆ ಕತ್ತಲಾದ ಮೇಲೆ ಮಾತ್ರ ಅದನ್ನ ಹಾಕ್ತಿದ್ದೆ. ಹಗಲಿಗೆ ಒಂದು ತೆಳು ನೈಲಾನ್ ಜಾಕೆಟ್ಟು. ಆಗಲೂ ಜನ ನೋಡ್ತಿದ್ದರು ಪ್ರದೀಪ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲ ಕಡೆ. ನೈಲಾನ್ ಜಾಕೆಟ್ಟಿಗೂ ಅದೇ ನೋಟ, ಓವರ್‌ಕೋಟಿಗೂ ಅದೇ ನೋಟ. ಇದು ತಲೆಗೆ ಹೋಗೋಕೆ ನಂಗೆ ಎಷ್ಟೋ ಕಾಲ ಬೇಕಾಯಿತು. ಅದಕ್ಕೇ ನಿಂಗೆ ಈಗಲೇ ಬರೀತಾ ಇದ್ದೀನಿ. ನಿನ್ನ ಕಾಲ ಬೇರೆ, ಈಗ ಆ ಊರಿನಲ್ಲಿ ನಮ್ಮವರು ಬೇಕಾದಷ್ಟು ಜನ ಇದ್ದಾರೆ, ಒಪ್ತೀನಿ. ಆದರೂ ನೋಡುವವರು ನೋಡ್ತಾರೆ. ಕೋಟು ಬದಲಾಯಿಸಿದರೆ ನೋಟ ಬದಲಾಗೋದಿಲ್ಲ. ಹಾಗಿರುವಾಗ ಚಳಿಯಲ್ಲಿ ಯಾಕೆ ನಡುಗಬೇಕು?

ನಿಮ್ಮ ಅಜ್ಜ ಆಗ ಒಂದು ಕಾರ್ಡು ಬರೆದಿದ್ದರು. "ಅಲ್ಲಿಯ ಕೋಟು ಹಾಕಿಕೊಂಡು ಒಂದು ಫೋಟೋ ತೆಗೆಸಿ ಕಳಿಸು" ಅಂತ. ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ದೂಡಿದೆ. ಫೋಟೋ ನೋಡಿ ಊರಿನವರು ಏನಂತಾರೋ ಅನ್ನೋ ಭಯ ಬೇರೆ. ಆ ಮಳೆಗಾಲದಲ್ಲಿ ಅಪ್ಪ ಹೋದರು. ಈ ವಿಷಯ ಬಿಡು, ಬರೆಯೋಕೆ ಕೂತರೆ ಎಲ್ಲೆಲ್ಲಿಗೋ ಹೋಗ್ತೀನಿ.

ನಿನ್ನ ಭಯಕ್ಕೆ ಇನ್ನೊಂದು ಮಾತು. ಸ್ಕಾಟ್ಲೆಂಡಿನ ಮದುವೆಯಲ್ಲಿ ಮದುಮಗನೂ ಅವನ ಕಡೆಯ ಗಂಡಸರೂ ಹೆಚ್ಚಾಗಿ ಕಿಲ್ಟ್ ಅನ್ನೋ ಮೊಣಕಾಲುದ್ದದ ಲಂಗ ಉಟ್ಟಿರುತ್ತಾರೆ. ಚೌಕುಳಿ ಉಣ್ಣೆ, ಸೊಂಟದ ಮುಂದೆ ತೊಗಲಿನ ಚೀಲ, ಉದ್ದ ಕಾಲುಚೀಲ, ಜನವರಿ ಗಾಳಿಗೆ ಬರಿ ಮೊಣಕಾಲು. ಅಷ್ಟು ಬಣ್ಣದ ನಡುವೆ ನಿನ್ನ ನೇವಿ ಕೋಟಿನ ಗುಂಡಿ ಎಣಿಸೋಕೆ ಯಾರಿಗೆ ಪುರುಸೊತ್ತು? ಮೇಲಾಗಿ ಕೋಟು ಕಾಣೋದು ಚರ್ಚಿನ ಬಾಗಿಲವರೆಗೆ, ಹೆಚ್ಚೆಂದರೆ ಒಳಗೆ ಚಳಿ ಇದ್ದರೆ ಪೂಜೆ ಮುಗಿಯೋವರೆಗೆ. ಊಟದ ಜಾಗದಲ್ಲಿ ತೆಗೆದು ಕೊಟ್ಟುಬಿಡ್ತೀಯ. ಸಂಜೆಯೆಲ್ಲ ಜನ ನೋಡೋದು ಒಳಗಿನ ಸೂಟು, ನಿನ್ನ ಮುಖ.

ಬಟ್ಟೆಯ ವಿಷಯ ಬಂದರೆ ಮಾತ್ರ ನಾನು ಸುಮ್ನಿರಲಾರೆ. ಅದೇ ನನ್ನ ಕಸುಬಾಗಿತ್ತಲ್ಲ. ಅಂಗಡಿಯವನು ಕಾಲರು, ಕಟ್ಟಿಂಗು ಅಂತ ತೋರಿಸ್ತಾನೆ. ನೀನು ಮೊದಲು ಬಟ್ಟೆ ಮುಟ್ಟು. ಮೆಲ್ಟನ್ ಅಂತ ಒಂದು ಬಟ್ಟೆ ಇದೆ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆ ಇರುತ್ತೆ. ನೆಯ್ದ ಬಟ್ಟೆಯನ್ನ ಬಿಸಿ ಸಾಬೂನು ನೀರಿನಲ್ಲಿ ಹಾಕಿ ಬಡಿದರೆ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತೆ, ದಪ್ಪ ಆಗುತ್ತೆ. ಆಮೇಲೆ ಮೇಲಿನ ನವಿರನ್ನ ಕತ್ತರಿಸ್ತಾರೆ. ಎಲ್ಲ ಮುಗಿದ ಮೇಲೆ ಹಾಸು ಹೊಕ್ಕು ಯಾವುದೂ ಕಾಣೋದಿಲ್ಲ, ಕೈಗೆ ಒಂದೇ ಸಮ. ನಮ್ಮ ಚಳ್ಳಕೆರೆ ಕಡೆ ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿ ಮಾಡ್ತಾರಲ್ಲ, ಇದೂ ಅದೇ ಉದ್ದೇಶಕ್ಕೆ. ಗಾಳಿ ಒಳಗೆ ನುಗ್ಗಬಾರದು. ನಮ್ಮ ಮುತ್ತಜ್ಜ ಮಳೆಗಾಲವೆಲ್ಲ ಕಂಬಳಿ ಕೊಪ್ಪೆ ಹಾಕ್ಕೊಂಡೇ ಹೊಲಕ್ಕೆ ಹೋಗ್ತಿದ್ದನಂತೆ. ಆ ಕಂಬಳಿ ನೇಯ್ದವರು ಬೇರೆ ಕುಲದವರು, ಕುರಿ ಬೇರೆಯವರದು. ಯಾರದೋ ಬಟ್ಟೆ ಅಂತ ಅವನಿಗೆ ಅನ್ನಿಸಿರಲಿಕ್ಕಿಲ್ಲ. ಚಳಿ ಅವನದಾಗಿತ್ತು.

ನಿನ್ನ ಸೂಟಿನ ಬಟ್ಟೆ ಮೀಟರಿಗೆ 250-300 ಗ್ರಾಂ ಇರಬಹುದು. ಓವರ್‌ಕೋಟಿನದು 600ರ ಮೇಲಿದ್ದರೆ ಒಳ್ಳೆಯದು. ಅದನ್ನ ಲೇಬಲ್ಲಿನಲ್ಲಿ ಬರೆದಿರೋದು ಕಮ್ಮಿ, ಕೈಯಲ್ಲಿ ಎತ್ತಿಯೇ ತಿಳೀಬೇಕು. ಒಂದು ಅಂಚನ್ನ ಮುಷ್ಟಿಯಲ್ಲಿ ಹಿಂಡಿ ಬಿಡು. ಸುಕ್ಕು ತಾನಾಗಿ ಬಿಚ್ಚಿಕೊಂಡರೆ ಉಣ್ಣೆ ಚೆನ್ನಾಗಿದೆ. ಸ್ವಲ್ಪ ನೈಲಾನ್ ಬೆರೆತಿದ್ದರೆ ತಪ್ಪಿಲ್ಲ, ಪಾಲಿಯೆಸ್ಟರೇ ಅರ್ಧ ಇದ್ದರೆ ಬಿಟ್ಟುಬಿಡು.

ಹೊಸದೇ ಆಗಬೇಕು ಅಂತ ಹಟ ಬೇಡ. ನಿಮ್ಮೂರಿನ ಸ್ಟಾಕ್‌ಬ್ರಿಜ್‌ನಲ್ಲಿ ಜನ ದಾನ ಕೊಟ್ಟ ಹಳೆ ಸಾಮಾನು ಮಾರುವ ಚಾರಿಟಿ ಅಂಗಡಿಗಳು ಸಾಲಾಗಿವೆ. ಅಬರ್ಡೀನಿನಲ್ಲಿ 1805ರಲ್ಲಿ ಶುರುವಾದ ಕ್ರಾಂಬಿ ಗಿರಣಿಯ ಹಳೆ ಕೋಟುಗಳು ಅಂಥ ಕಡೆ ಒಮ್ಮೊಮ್ಮೆ ಸಿಗ್ತವೆ. ಆ ಬಟ್ಟೆ ನಿನ್ನ ಮಕ್ಕಳವರೆಗೂ ಬರುತ್ತೆ. ಕೊಳ್ಳೋ ಮೊದಲು ಕಂಕುಳು, ಕಾಲರಿನ ಅಡಿ ಎಲ್ಲ ಬೆಳಕಿಗೆ ಹಿಡಿದು ನೋಡು. ನುಸಿ ತಿಂದ ತೂತು ಇದ್ದರೆ ಬೇಡ.

ನಾನು ಕುಳ್ಳ, ಕೋಟಿನಲ್ಲಿ ಮುಳುಗಿಹೋಗ್ತೀನಿ ಅಂತಲೂ ಬರೆದಿದ್ದೀಯ. ಅದೂ ಅದೇ ಭಯದ ಇನ್ನೊಂದು ಮುಖ, ಅಲ್ವಾ? ಉದ್ದ ಮೊಣಕಾಲಿಗೆ ನಿಲ್ಲಲಿ, ಕೆಳಗೆ ಬೇಡ. ಎರಡು ಸಾಲು ಗುಂಡಿಗಳ ನಡುವೆ ಜಾಸ್ತಿ ಅಂತರ ಇದ್ದರೆ ಎದೆ ಅಗಲ ಕಾಣುತ್ತೆ, ನಿಂಗೆ ಹತ್ತಿರ ಇರುವಂಥದ್ದು ಚೆಂದ. ಸೊಂಟಕ್ಕೆ ಬೆಲ್ಟು ಬೇಡ. ಬಣ್ಣ ನೇವಿ ಅಥವಾ ಕಡು ಬೂದು. ಮದುವೆಗೂ ಆಯಿತು, ಯಾರಾದರೂ ತೀರಿಕೊಂಡರೆ ಅಲ್ಲಿಗೂ ಆಯಿತು. ಒಂಟೆ ಬಣ್ಣದ್ದು ನೋಡೋಕೆ ಚೆನ್ನ, ಆದರೆ ನಿನ್ನ ಈಗಿನ ಮನಸ್ಸಿಗೆ ಅದು ಒಗ್ಗಲಿಕ್ಕಿಲ್ಲ. ಇದೆಲ್ಲ ನನ್ನ ಕಾಲದ ಲೆಕ್ಕ. ಈಗಿನ ಹುಡುಗರು ಬೇರೆ ಥರ ಹಾಕಬಹುದು, ನಿನ್ನ ಗೆಳೆಯರನ್ನೂ ಕೇಳು.

ಒಳಗಡೆ ಒಂದು ಗುಂಡಿ ಇರುತ್ತೆ, ಮರೀಬೇಡ. ಅದನ್ನ ಹಾಕದಿದ್ದರೆ ಒಳಗಿನ ಪದರ ಜೋತುಬಿದ್ದು ಕೋಟು ಸೊಟ್ಟ ಕಾಣುತ್ತೆ. ಹೊರಗೆ ಕೊನೆಯ ಗುಂಡಿ ಬಿಟ್ಟಿರಬಹುದು, ಉಳಿದದ್ದು ಹಾಕ್ಕೋ. ಇಂಥ ಕೋಟನ್ನ ಬಿಚ್ಚಿ ಹಾಕ್ಕೊಂಡರೆ ಮುಂದಿನ ಬಟ್ಟೆಯೆಲ್ಲ ಗಾಳಿಗೆ ಪಟಪಟ ಅನ್ನುತ್ತೆ. ಹೊಸ ಕೋಟಾದರೆ ಹಿಂದಿನ ಸೀಳಿಗೆ ದಾರದಲ್ಲಿ ಅಡ್ಡಗೆರೆ ಹೊಲಿಗೆ ಹಾಕಿರುತ್ತಾರೆ, ತೋಳಿಗೆ ಲೇಬಲ್ಲು ಹೊಲಿದಿರುತ್ತಾರೆ. ಎರಡನ್ನೂ ಕತ್ತರಿಸಿ ತೆಗಿ. ಎಷ್ಟೋ ಜನ ತೆಗೆಯೋದೇ ಇಲ್ಲ.

ಕೋಟು ತಂದ ಮೇಲೆ ಒಂದು ಮಾತು ನಡೆಸಿಕೊಡು. ಮದುವೆ ದಿನದವರೆಗೆ ಕಪಾಟಿನಲ್ಲಿ ಇಡಬೇಡ. ತರಕಾರಿಗೆ, ಅಂಚೆಗೆ, ಬಸ್ ಸ್ಟಾಪಿಗೆ ಹಾಕ್ಕೊಂಡು ಹೋಗು. ಹಗಲು ಹೊತ್ತೇ ಹೋಗು. ಜೇಬಿನಲ್ಲಿ ನಿನ್ನ ಬೀಗದ ಕೈ, ಟಿಕೆಟ್ಟು, ಕರ್ಚೀಫು ಸೇರಿಕೊಳ್ಳಲಿ. ಮೊದಲ ದಿನ ಮೈ ಹಿಡಿದ ಹಾಗೆ ಆಗುತ್ತೆ. ಆಗಲಿ. ಭಯ ಪೂರಾ ಹೋಗುತ್ತೆ ಅಂತ ನಾನು ಹೇಳಲಾರೆ, ನಂದು ಪೂರಾ ಹೋಗಲಿಲ್ಲ. ಆದರೆ ಭಯ ಇದ್ದರೂ ಹಗಲಿನಲ್ಲಿ ಹಾಕ್ಕೊಂಡು ಓಡಾಡಬಹುದಿತ್ತು ಅಂತ ಈಗ ಅನ್ನಿಸ್ತಾ ಇರುತ್ತೆ.

ಅಂಗಡಿಗೆ ಹೋಗುವಾಗ ಸೂಟಿನ ಕೋಟು ಹಾಕ್ಕೊಂಡೇ ಹೋಗು, ಅದರ ಮೇಲೆ ಹಾಕಿ ನೋಡು. ಎರಡೂ ಕೈ ಮುಂದಕ್ಕೆ ಚಾಚು. ಬೆನ್ನು ಬಿಗಿದರೆ ಒಂದು ಸೈಜು ದೊಡ್ಡದು ಕೇಳು. ತೋಳು ಉದ್ದ ಆದರೆ ಕತ್ತರಿಸಿ ಹೊಲಿಸಬಹುದು, ಭುಜ ಸರಿಯಿಲ್ಲದಿದ್ದರೆ ಯಾವ ಟೈಲರೂ ಸರಿ ಮಾಡಲಾರ. ದುಡ್ಡು ಸಾಲದಿದ್ದರೆ ಅಕ್ಕನಿಗೆ ಹೇಳಬೇಡ, ನಂಗೆ ಬರಿ.

ಇಂತು ನಿನ್ನ
ಮಾವ